ಕೇಬಲ್ ತುಂಡಾಗಿದ್ದು ಲಿವರ್ ಹತ್ತಿರ, ಕಾಯಿಲೆ ಇದ್ದದ್ದು ಚಕ್ರದಲ್ಲಿ

ಪ್ರಶ್ನೆ: ನಮ್ಮದು ಮಡಿಕೇರಿ. ಮನೆಯಲ್ಲಿ 1966ರ ಫೋಕ್ಸ್‌ವ್ಯಾಗನ್ ಬೀಟಲ್ 1300 ಇದೆ. ಚಿಕ್ಕಪ್ಪನ ಕಾಲದ ಕಾರು. ಎರಡು ವರ್ಷದಿಂದ ಹ್ಯಾಂಡ್ ಬ್ರೇಕ್ ಲಿವರ್ ತುಂಬಾ ಮೇಲೆ ಬರುತ್ತಿತ್ತು. ತೋರಿಸಿದಾಗಲೆಲ್ಲ ಗ್ಯಾರೇಜಿನಲ್ಲಿ ಕೇಬಲ್ಲಿನ ನಟ್ಟು ಟೈಟ್ ಮಾಡಿ ಕಳಿಸುತ್ತಿದ್ದರು. ಈ ಮಳೆಗಾಲದಲ್ಲಿ ಎಡಗಡೆ ಹಿಂದಿನ ಚಕ್ರ ಬಿಸಿಯಾಗಲು ಶುರುವಾಯಿತು. ಹೋದ ವಾರ ಮನೆ ಮುಂದಿನ ಇಳಿಜಾರಿನಲ್ಲಿ ಲಿವರ್ ಎಳೆದಾಗ ಬಲಗಡೆ ಕೇಬಲ್ ಟಪ್ ಅಂತ ತುಂಡಾಯಿತು. ಕ್ಲಾಂಪ್ ಹಾಕಿ ಜೋಡಿಸಿಕೊಡುತ್ತೇನೆ ಅನ್ನುತ್ತಾರೆ ಮೇಸ್ತ್ರಿ. ಜೋಡಿಸಬಹುದೇ? ಒಂದೇ ಕೇಬಲ್ ಬದಲಿಸಿದರೆ ಸಾಕೇ? ಇದು ನಾನೇ ಮಾಡಿಕೊಳ್ಳಬಹುದಾದ ಕೆಲಸವೇ?

ಉತ್ತರ: ಜೋಡಿಸಬೇಡಿ. ಎರಡೂ ಕೇಬಲ್ ಬದಲಿಸಿ. ಕೆಲಸ ನೀವೇ ಮಾಡಿಕೊಳ್ಳಬಹುದು, ಆದರೆ ಹಿಂದಿನ ಚಕ್ರದ ದೊಡ್ಡ ನಟ್ಟಿಗೆ ಒಬ್ಬರ ಸಹಾಯ ಬೇಕಾಗುತ್ತದೆ. ಇಷ್ಟೇ ಹೇಳಿ ಮುಗಿಸಬಹುದಿತ್ತು. ಆದರೆ ಹೊಸ ಕೇಬಲ್ ಹಾಕಿಯೂ ಇನ್ನೆರಡು ವರ್ಷಕ್ಕೆ ನೀವು ಇದೇ ಪ್ರಶ್ನೆ ಕೇಳುವಂತಾಗಬಾರದು, ಅಲ್ವಾ? ನಿಮ್ಮ ಪತ್ರದಲ್ಲಿ ಮೂರು ತೊಂದರೆ ಇವೆ: ಲಿವರ್ ಮೇಲೆ ಬಂದದ್ದು, ಎಡ ಚಕ್ರ ಬಿಸಿಯಾದದ್ದು, ಬಲ ಕೇಬಲ್ ತುಂಡಾದದ್ದು. ನನಗೆ ಕಾಣುವಂತೆ ಇವು ಮೂರೂ ಒಂದೇ ಕಾಯಿಲೆ.

ಮೊದಲು ಈ ಕಾರಿನ ಹ್ಯಾಂಡ್ ಬ್ರೇಕ್ ಹೇಗಿದೆ ನೋಡೋಣ. ಎರಡು ಸೀಟಿನ ನಡುವೆ ನೆಲದ ಉದ್ದಕ್ಕೂ ಒಂದು ಗೂನು ಇದೆಯಲ್ಲ, ಅದು ಬೀಟಲ್ಲಿನ ಬೆನ್ನೆಲುಬು. ಟನಲ್ ಅನ್ನುತ್ತಾರೆ. ಕ್ಲಚ್ಚು, ಆಕ್ಸಿಲರೇಟರು, ಹೀಟರು ಎಲ್ಲದರ ತಂತಿಯೂ ಅದರೊಳಗೇ ಹಾದು ಹಿಂದಕ್ಕೆ ಹೋಗುತ್ತದೆ. ಹ್ಯಾಂಡ್ ಬ್ರೇಕಿಗೆ ಎರಡು ಕೇಬಲ್, ಎಡ ಚಕ್ರಕ್ಕೊಂದು, ಬಲ ಚಕ್ರಕ್ಕೊಂದು. ಟನಲ್ ಒಳಗೆ ಪ್ರತಿಯೊಂದಕ್ಕೂ ಅದರದೇ ಕಬ್ಬಿಣದ ಕೊಳವೆ. ಹಿಂದೆ ಕೊಳವೆಯಿಂದ ಹೊರಬಂದ ಮೇಲೆ ಹೊರಕವಚದೊಳಗೆ ಹಾದು, ಚಕ್ರದ ಜೊತೆಗೇ ತಿರುಗುವ ಬ್ರೇಕ್ ಡ್ರಮ್ಮಿನ ಹಿಂಬದಿಯ ತಟ್ಟೆಯನ್ನು ಹೊಕ್ಕುತ್ತದೆ. ಮುಂದಿನ ತುದಿಯಲ್ಲಿ ಥ್ರೆಡ್ ಇರುತ್ತದೆ. ಆ ಥ್ರೆಡ್ ಲಿವರಿನ ಬುಡದಿಂದ ಮೇಲಕ್ಕೆ ಬಂದು, ಅದರ ಮೇಲೆ ಎರಡು ನಟ್ಟು ಕೂರುತ್ತವೆ. ಒಂದು ಅಡ್ಜಸ್ಟ್ ಮಾಡಲು, ಇನ್ನೊಂದು ಅದು ಸಡಿಲವಾಗದಂತೆ ಹಿಡಿಯಲು.

ಡ್ರಮ್ಮಿನ ಒಳಗೆ ಎರಡು ಬ್ರೇಕ್ ಶೂ, ಅಂದರೆ ಡ್ರಮ್ಮಿಗೆ ಒಳಗಿಂದ ಒತ್ತಿ ಚಕ್ರ ನಿಲ್ಲಿಸುವ ಬಿಲ್ಲಿನಾಕಾರದ ತುಂಡುಗಳು. ಹಿಂದಿನ ಶೂಗೆ ಒಂದು ಸಣ್ಣ ಸನ್ನೆಕೋಲು ಸೇರಿಸಿದ್ದಾರೆ. ಕೇಬಲ್ಲಿನ ಕೊಕ್ಕೆ ಅದರ ಕೆಳತುದಿಗೆ ಸಿಕ್ಕಿಕೊಂಡಿರುತ್ತದೆ. ನೀವು ಲಿವರ್ ಎಳೆದರೆ ಆ ಸನ್ನೆ ಒಂದು ಪಟ್ಟಿಯ ಮೂಲಕ ಮುಂದಿನ ಶೂವನ್ನು ತಳ್ಳುತ್ತದೆ, ಅದರ ಪ್ರತಿಯಾಗಿ ಹಿಂದಿನ ಶೂ ಕೂಡ ಡ್ರಮ್ಮಿಗೆ ಒತ್ತುತ್ತದೆ. ಕಾಲಿನ ಬ್ರೇಕು ಆಯಿಲ್ ಒತ್ತಡದಿಂದ ಅದೇ ಶೂಗಳನ್ನು ಅಗಲಿಸುತ್ತದೆ. ಶೂ ಒಂದೇ ಜೊತೆ, ಒತ್ತುವ ದಾರಿ ಮಾತ್ರ ಬೇರೆ.

ಇಲ್ಲೊಂದು ವಿಷಯ ಗಮನಿಸಿ. ಶೂಗೆ ಅಂಟಿಸಿದ ಲೈನರ್ ಓಡಿದಂತೆ ಸವೆಯುತ್ತದೆ. ಸವೆದಷ್ಟೂ ಶೂ ಮತ್ತು ಡ್ರಮ್ಮಿನ ನಡುವೆ ಸಂದು ಜಾಸ್ತಿ. ಈಗಿನ ಹೆಚ್ಚಿನ ಕಾರುಗಳಲ್ಲಿ ಆ ಸಂದು ತಾನಾಗಿಯೇ ಸರಿಹೋಗುವ ಏರ್ಪಾಡು ಇರುತ್ತದೆ. ಬೀಟಲ್ಲಿನಲ್ಲಿ ಇಲ್ಲ. ಡ್ರಮ್ಮಿನ ಕೆಳಗಡೆ ಹಲ್ಲಿರುವ ಎರಡು ಚಿಕ್ಕ ಚಕ್ರಗಳಿವೆ, ನಕ್ಷತ್ರದ ಹಾಗೆ. ಅವನ್ನು ಸ್ಕ್ರೂಡ್ರೈವರ್ ತೂರಿಸಿ ಕೈಯಲ್ಲೇ ತಿರುಗಿಸಬೇಕು. ಯಾರೂ ತಿರುಗಿಸದಿದ್ದರೆ ಸಂದು ಬೆಳೆಯುತ್ತಲೇ ಹೋಗುತ್ತದೆ. ಲಿವರ್ ನಾಲ್ಕು ಕ್ಲಿಕ್ಕಿಗೆ ಹಿಡಿಯುತ್ತಿದ್ದದ್ದು ಎಂಟಕ್ಕೆ, ಹತ್ತಕ್ಕೆ ಬರುತ್ತದೆ. ನಿಮ್ಮ ಕಾರಿನಲ್ಲಿ ಆದದ್ದು ಇದೇ. ಆಗ ಮಾಡಬೇಕಿದ್ದ ಕೆಲಸ ಚಕ್ರದ ಹತ್ತಿರ ಇತ್ತು. ಮಾಡಿದ್ದು ಲಿವರ್ ಹತ್ತಿರ. ಯಾಕೆಂದರೆ ಅದು ಸುಲಭ. ರಬ್ಬರ್ ಮುಸುಕು ಎತ್ತಿ, ನಟ್ಟು ನಾಲ್ಕು ಸುತ್ತು ತಿರುಗಿಸಿದರೆ ಐದು ನಿಮಿಷದಲ್ಲಿ ಗಿರಾಕಿ ಖುಷಿ. ನಿಮ್ಮ ಮೇಸ್ತ್ರಿಯನ್ನು ಬೈಯಲು ಇದನ್ನು ಹೇಳುತ್ತಿಲ್ಲ. ನಾನೂ ಮಾಡಿದ್ದೇನೆ, ಮುಂದೆ ಹೇಳುತ್ತೇನೆ.

ಹೀಗೆ ಕೇಬಲ್ಲನ್ನೇ ಎಳೆದು ಎಳೆದು ಸಂದು ಮುಚ್ಚಿದರೆ ಏನಾಗುತ್ತದೆ? ಲಿವರ್ ಪೂರ್ತಿ ಕೆಳಗಿದ್ದಾಗಲೂ ಡ್ರಮ್ಮಿನೊಳಗಿನ ಸನ್ನೆ ಅರ್ಧ ಎಳೆದ ಸ್ಥಿತಿಯಲ್ಲೇ ನಿಂತಿರುತ್ತದೆ. ಕೇಬಲ್ಲಿಗೆ ವಿಶ್ರಾಂತಿಯೇ ಇಲ್ಲ. ಹೊರಕವಚದೊಳಗೆ ಮಳೆನೀರು ಇಳಿದು ತುಕ್ಕು ಹಿಡಿದರೆ ಅದು ಹಾಗೇ ಸಿಕ್ಕಿಕೊಳ್ಳುತ್ತದೆ, ಹಿಂದಕ್ಕೆ ಸರಿಯುವುದಿಲ್ಲ. ನಿಮ್ಮ ಎಡಗಡೆಯ ಕೇಬಲ್ ಹೀಗೆ ಜಾಮ್ ಆಗಿದೆ ಅಂತ ನನ್ನ ಅಂದಾಜು. ಶೂ ಸದಾ ಡ್ರಮ್ಮಿಗೆ ಉಜ್ಜುತ್ತದೆ, ಚಕ್ರ ಬಿಸಿಯಾಗುತ್ತದೆ.

ಹಾಗಾದರೆ ತುಂಡಾದದ್ದು ಬಲಗಡೆಯದು ಯಾಕೆ? ನಿಮ್ಮ ಕಾರಿನಲ್ಲಿ ಎಡ ಬಲ ಎರಡನ್ನೂ ಸಮಮಾಡುವ ತಕ್ಕಡಿಯಂಥ ಪಟ್ಟಿ ಇಲ್ಲ. ಲಿವರ್ ಎರಡು ಕೇಬಲ್ಲನ್ನೂ ನೇರವಾಗಿ ಎಳೆಯುತ್ತದೆ. ಎಡಗಡೆಯದು ಎಳೆದ ಸ್ಥಿತಿಯಲ್ಲೇ ಕಚ್ಚಿಕೊಂಡು ಕೂತರೆ ಲಿವರ್ ತುದಿಯಲ್ಲಿ ಅದು ಸಡಿಲ. ಆಗ ನಿಮ್ಮ ಕೈಯ ಅಷ್ಟೂ ಬಲ ಬಲಗಡೆಯ ಒಂದೇ ಕೇಬಲ್ಲಿಗೆ. ಎರಡು ಎತ್ತಿನ ಗಾಡಿಯಲ್ಲಿ ಒಂದು ಎತ್ತು ಮಲಗಿದ ಹಾಗೆ. ದುಡಿದದ್ದು ತುಂಡಾಯಿತು, ಮಲಗಿದ್ದು ಇನ್ನೂ ಇದೆ. ಅದಕ್ಕೇ ಎರಡನ್ನೂ ಬದಲಿಸಿ ಅನ್ನುವುದು. ತುಂಡಾಗದೆ ಉಳಿದ ಆ ಎಡಗಡೆಯದೇ ಇಲ್ಲಿ ನಿಜವಾದ ರೋಗಿ.

ತುಂಡಾದ ತುದಿಯನ್ನು ಒಮ್ಮೆ ನೋಡಿ. ಎಳೆಗಳು ಪೊರಕೆಯ ಹಾಗೆ ಬಿಚ್ಚಿಕೊಂಡಿರುತ್ತವೆ. ಕೆಲವು ಎಳೆಯ ತುದಿ ಕಂದು, ಕೆಲವು ಹೊಳೆಯುತ್ತವೆ. ಕಂದು ಬಣ್ಣದವು ಯಾವಾಗಲೋ ಹೋಗಿದ್ದವು, ಹೊಳೆಯುವವು ಹೋದ ವಾರ ಹೋದವು. ಸಾಮಾನ್ಯವಾಗಿ ತುಂಡಾಗುವುದು ಲಿವರಿನ ಬುಡದಲ್ಲೇ, ಕೇಬಲ್ ಕೊಳವೆಯಿಂದ ಮೇಲಕ್ಕೆ ಬಾಗುವ ಕಡೆ, ಇಲ್ಲವೇ ತಂತಿ ಥ್ರೆಡ್ ತುಂಡಿನೊಳಗೆ ಹೊಕ್ಕುವ ಕಡೆ. ದಿನಾ ಬಾಗುವ ಜಾಗ ಅದು.

ಈಗ ಜೋಡಿಸುವ ಮಾತು. ಬಾಗುವ ಜಾಗದಲ್ಲಿ ಕ್ಲಾಂಪ್ ಕೂರುವುದಿಲ್ಲ. ಹಿಂದೆ ಸರಿಸಿ ಹಾಕೋಣವೆಂದರೆ ಕೊಳವೆಯೊಳಗೆ ಹೋಗುವುದಿಲ್ಲ. ತಂತಿಯ ತುದಿಗೆ ಹೊಸ ಥ್ರೆಡ್ ತುಂಡು ಬೆಸೆದು ಕೊಡುವವರೂ ಇದ್ದಾರೆ. ಬೆಸೆಯುವ ಬಿಸಿಗೆ ತಂತಿಯ ಗಟ್ಟಿತನ ಹೋಗುತ್ತದೆ. ಬೆಸುಗೆಯ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ, ಯಾವಾಗ ಅಂತ ಹೇಳಲಾಗದು. ಸ್ಕೂಟರಿನ ಕ್ಲಚ್ ಕೇಬಲ್ ಅರ್ಧ ದಾರಿಯಲ್ಲಿ ತುಂಡಾದರೆ ತಳ್ಳಿಕೊಂಡು ಮನೆಗೆ ಬರಬಹುದು. ಸುಮಾರು 800 ಕಿಲೋದ ಕಾರು ಮಡಿಕೇರಿಯ ಇಳಿಜಾರಿನಲ್ಲಿ ರಾತ್ರಿಯೆಲ್ಲ ನಿಂತಿರುವುದು ಬೇರೆ ಮಾತು.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ನಿಮ್ಮ ಕಾರಿನ ಕಾಲು ಬ್ರೇಕು ಹೆಚ್ಚಾಗಿ ಒಂದೇ ಸರ್ಕ್ಯೂಟಿನದು. ಅಂದರೆ ನಾಲ್ಕೂ ಚಕ್ರಕ್ಕೆ ಆಯಿಲ್ ಒಂದೇ ಮಾಸ್ಟರ್ ಸಿಲಿಂಡರಿನ ಒಂದೇ ದಾರಿಯಿಂದ ಹೋಗುತ್ತದೆ. ಎಲ್ಲಿಯಾದರೂ ಒಂದು ಪೈಪು ಒಡೆದರೆ ನಾಲ್ಕೂ ಚಕ್ರದ ಬ್ರೇಕು ಒಟ್ಟಿಗೆ ಹೋಗುತ್ತದೆ. ಎರಡು ಸರ್ಕ್ಯೂಟಿನ ಬ್ರೇಕು ಬೀಟಲ್ಲಿಗೆ ಬಂದದ್ದು ಆಮೇಲೆ. ಹಾಗಾಗಿ ಘಾಟಿ ಇಳಿಯುವಾಗ ಪೆಡಲ್ ನೆಲಕ್ಕೆ ಹೋದರೆ ನಿಮ್ಮ ಕೈಯಲ್ಲಿ ಉಳಿಯುವುದು ಈ ಹ್ಯಾಂಡ್ ಬ್ರೇಕು ಮತ್ತು ಗೇರು, ಅಷ್ಟೇ. ಕೇಬಲ್ ಅಂದರೆ ಬರೀ ಪಾರ್ಕಿಂಗಿನ ಸಾಮಾನು ಅಂದುಕೊಳ್ಳಬೇಡಿ. ಅಂದಹಾಗೆ, ಇದೇ ಬೀಟಲ್ಲಿನ ಅಗ್ಗದ ಸ್ಟ್ಯಾಂಡರ್ಡ್ ಮಾದರಿಯಲ್ಲಿ 1962ರವರೆಗೂ ಕಾಲು ಬ್ರೇಕು ಕೂಡ ಕೇಬಲ್ಲಿನದೇ ಆಗಿತ್ತು. ನಾಲ್ಕು ಚಕ್ರ, ನಾಲ್ಕು ಕೇಬಲ್. ಆ ಕಾಲದ ಚಾಲಕರಿಗೆ ಕೇಬಲ್ಲಿಗೆ ಗ್ರೀಸ್ ಹಾಕುವುದು ನಮಗೆ ಟೈರಿಗೆ ಗಾಳಿ ಹಾಕಿಸುವಷ್ಟೇ ಮಾಮೂಲಿ.

ಹೊಸ ಕೇಬಲ್ ಸಿಗುವುದು ಕಷ್ಟವೇನಲ್ಲ. ಬೀಟಲ್ ತಯಾರಿಕೆ ಮೆಕ್ಸಿಕೋದ ಪುಯೆಬ್ಲಾದಲ್ಲಿ 2003ರ ಜುಲೈವರೆಗೂ ನಡೆಯಿತು. ಒಟ್ಟು ಎರಡು ಕೋಟಿ ಹದಿನೈದು ಲಕ್ಷಕ್ಕೂ ಹೆಚ್ಚು ಕಾರು ಹೊರಬಂದಿವೆ. ಅಷ್ಟು ಕಾರಿಗೆ ಬೇಕಾದ ಸಾಮಾನು ಮಾಡುವವರು ಯುರೋಪಿನಲ್ಲೂ ಬ್ರೆಜಿಲ್ಲಿನಲ್ಲೂ ಇನ್ನೂ ಇದ್ದಾರೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿದರೆ ತರಿಸಿಕೊಡುವವರು ಸಿಗಬಹುದು. ಆದರೆ 'ಬೀಟಲ್ ಹ್ಯಾಂಡ್ ಬ್ರೇಕ್ ಕೇಬಲ್ ಕೊಡಿ' ಅಂತ ಕೇಳಿ ಕೈಗೆ ಸಿಕ್ಕಿದ್ದನ್ನು ತರಬೇಡಿ. ವರ್ಷ ಬದಲಾದಂತೆ ಹಿಂದಿನ ಆಕ್ಸಲ್ಲಿನ ಅಗಲ, ಡ್ರಮ್ಮಿನ ಅಗಲ, ಸಸ್ಪೆನ್ಷನ್ ಎಲ್ಲ ಬದಲಾಗಿವೆ. ಅದರ ಜೊತೆ ಕೇಬಲ್ಲಿನ ಉದ್ದವೂ. ವ್ಯತ್ಯಾಸ ಕೆಲವೇ ಸೆಂಟಿಮೀಟರ್. ಆದರೆ ಗಿಡ್ಡವಾದರೆ ಥ್ರೆಡ್ ಲಿವರಿನಿಂದ ಮೇಲೆ ಬರುವುದೇ ಇಲ್ಲ, ಉದ್ದವಾದರೆ ನಟ್ಟು ಕೊನೆಯವರೆಗೆ ಹೋದರೂ ಬಿಗಿಯಾಗುವುದಿಲ್ಲ. ಜೊತೆಗೆ ಅರವತ್ತು ವರ್ಷದ ಕಾರಿನಲ್ಲಿ ಮಧ್ಯೆ ಯಾರೋ ಬೇರೆ ವರ್ಷದ ಡ್ರಮ್ಮು, ಆಕ್ಸಲ್ಲು ಹಾಕಿರಬಹುದು. ಆದ್ದರಿಂದ ಹಳೆಯದನ್ನು ಬಿಚ್ಚಿ ತುದಿಯಿಂದ ತುದಿಗೆ ಅಳೆಯಿರಿ. ತುಂಡಾಗದ ಎಡಗಡೆಯದು ಈ ಕೆಲಸಕ್ಕೆ ಬರುತ್ತದೆ. ಹೊರಕವಚದ ಉದ್ದವನ್ನು ಬೇರೆಯಾಗಿ ಅಳೆದುಕೊಳ್ಳಿ. ಆಮೇಲೆ ಕೊಳ್ಳಿ. ನಿಮ್ಮ ಕಾರಿನ ಸ್ಟೀರಿಂಗ್ ಎಡಗಡೆ ಇದ್ದರೂ ಬಲಗಡೆ ಇದ್ದರೂ ಚಿಂತೆಯಿಲ್ಲ, ಲಿವರ್ ನಡುವೆಯೇ ಇರುವುದರಿಂದ ಈ ಕೇಬಲ್ಲಿಗೆ ಅದರ ಲೆಕ್ಕ ಬರುವುದಿಲ್ಲ.

ಕೆಲಸಕ್ಕೆ ಬರೋಣ. ಸಮತಟ್ಟಾದ ಜಾಗ ಹುಡುಕಿ. ಮಡಿಕೇರಿಯಲ್ಲಿ ಅದೇ ಕಷ್ಟ ಅಂತ ಗೊತ್ತು, ಆದರೂ ಹುಡುಕಿ. ಹ್ಯಾಂಡ್ ಬ್ರೇಕ್ ಇಲ್ಲದ ಕಾರಿನ ಹಿಂದಿನ ಚಕ್ರ ಎತ್ತುತ್ತಿದ್ದೀರಿ. ಅಂದರೆ ಕಾರನ್ನು ಹಿಡಿದಿಡಲು ಏನೂ ಇಲ್ಲ. ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಟ್ಟಿಗೆ ಕೊಡಿ.

ಜಾಕಿ ಹಾಕುವ ಮೊದಲೇ ಮಾಡಬೇಕಾದ ಒಂದು ಕೆಲಸವಿದೆ. ಹಿಂದಿನ ಚಕ್ರದ ನಡುವಿನ ದೊಡ್ಡ ನಟ್ಟು, 36 ಮಿಲಿಮೀಟರಿನದು. ಹಬ್ ಕ್ಯಾಪ್ ತೆಗೆದರೆ ಕಾಣುತ್ತದೆ. ಅದು ಬಿಚ್ಚದೆ ಡ್ರಮ್ ಹೊರಗೆ ಬರುವುದಿಲ್ಲ. ನಟ್ಟು ತಿರುಗದಂತೆ ಹಿಡಿದಿರುವ ಸ್ಪ್ಲಿಟ್ ಪಿನ್ ತೆಗೆದು, ಕಾರು ನಾಲ್ಕೂ ಚಕ್ರದ ಮೇಲೆ ನಿಂತಿರುವಾಗಲೇ, ಒಬ್ಬರು ಕಾಲು ಬ್ರೇಕ್ ಒತ್ತಿ ಹಿಡಿದಿರುವಾಗ, ನಟ್ಟನ್ನು ಸಡಿಲ ಮಾಡಿ. ಜಾಕಿಯ ಮೇಲೆ ಕಾರು ಇಟ್ಟು ಇದಕ್ಕೆ ಬಲ ಹಾಕಿದರೆ ಕಾರು ಕೆಳಗೆ ಬೀಳುತ್ತದೆ. ಉತ್ಪ್ರೇಕ್ಷೆ ಅಲ್ಲ. ಚಾಣ, ಸುತ್ತಿಗೆ ಹಿಡಿದು ಹೊಡೆದು ಬಿಚ್ಚುವ ಚಾಳಿ ನಮ್ಮ ಕಡೆ ಇದೆ. ನಿಮ್ಮ ನಟ್ಟಿನ ಮೂಲೆಗಳಲ್ಲಿ ಕಚ್ಚು ಕಂಡರೆ ಹಿಂದಿನವರು ಹಾಗೆ ಮಾಡಿದ್ದಾರೆ ಅಂತ ಅರ್ಥ. ಹಾಗಿದ್ದರೆ ನಟ್ಟನ್ನೂ ಹೊಸದು ತನ್ನಿ.

ಸಡಿಲವಾದ ಮೇಲೆ ಜಾಕಿ. ಬೀಟಲ್ಲಿನ ಪಕ್ಕದ ಜಾಕಿ ಬಾಯಿಗಳನ್ನು ನಂಬಬೇಡಿ, ಮಳೆನಾಡಿನಲ್ಲಿ ಅವು ಒಳಗಿಂದ ತಿಂದುಹೋಗಿರುತ್ತವೆ. ಹಿಂದಿನ ಸಸ್ಪೆನ್ಷನ್ನಿನ ದಪ್ಪ ಅಡ್ಡಕೊಳವೆಯ ಕೆಳಗೆ ಸ್ಟ್ಯಾಂಡ್ ಕೊಟ್ಟು ನಿಲ್ಲಿಸಿ. ಜಾಕಿಯೊಂದರ ಮೇಲೇ ನಿಂತ ಕಾರಿನ ಕೆಳಗೆ ಕೈ ಹಾಕಬೇಡಿ.

ಒಳಗೆ ಲಿವರ್ ಪೂರ್ತಿ ಕೆಳಗಿಳಿಸಿ, ರಬ್ಬರ್ ಮುಸುಕು ಮೇಲೆತ್ತಿ, ಕೇಬಲ್ಲಿನ ನಟ್ಟು ಬಿಚ್ಚಿ. ಥ್ರೆಡ್ಡಿನ ತಲೆಯಲ್ಲಿ ಸ್ಕ್ರೂಡ್ರೈವರ್ ಕೂರುವ ಗೀರು ಇರುತ್ತದೆ. ಅದನ್ನು ಸ್ಕ್ರೂಡ್ರೈವರಿನಲ್ಲಿ ಹಿಡಿದುಕೊಂಡೇ ನಟ್ಟು ತಿರುಗಿಸಬೇಕು. ಹಿಡಿಯದೆ ತಿರುಗಿಸಿದರೆ ಇಡೀ ಕೇಬಲ್ಲೇ ಹಗ್ಗದಂತೆ ತಿರುಚಿಕೊಳ್ಳುತ್ತದೆ. ಎಷ್ಟೋ ಹೊಸ ಕೇಬಲ್ಲುಗಳ ಆಯಸ್ಸು ಮೊದಲ ದಿನವೇ ಹೀಗೆ ಅರ್ಧವಾಗುವುದನ್ನು ನೋಡಿದ್ದೇನೆ. ಲಿವರನ್ನೇ ಬಿಚ್ಚಿ ಹೊರಗೆ ತೆಗೆದರೆ ಕೆಲಸ ಸುಲಭ. ಆದರೆ ಹೊರಗೆ ತೆಗೆದ ಲಿವರಿನ ಗುಂಡಿ ಒತ್ತಬೇಡಿ. ಹಲ್ಲಿನ ಪಟ್ಟಿ ಕಳಚಿ ಬೀಳುತ್ತದೆ. ಅದನ್ನು ಮತ್ತೆ ಕೂರಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ.

ಡ್ರಮ್ ತೆಗೆಯುವ ಮೊದಲು ನಕ್ಷತ್ರ ಚಕ್ರಗಳನ್ನು ಹಿಂದಕ್ಕೆ ತಿರುಗಿಸಿ ಶೂಗಳನ್ನು ಒಳಕ್ಕೆ ಸರಿಸಿ. ಸ್ಕ್ರೂಡ್ರೈವರ್ ತೂರಿಸುವ ತೂತು ಕೆಲವು ಡ್ರಮ್ಮಿನ ಮುಖದಲ್ಲೇ ಇರುತ್ತದೆ, ಕೆಲವದರಲ್ಲಿ ಹಿಂಬದಿಯ ತಟ್ಟೆಯಲ್ಲಿ. ಎರಡೂ ಕಡೆ ನೋಡಿ. ಡ್ರಮ್ ಬರಲಿಲ್ಲವೆಂದು ಅಂಚಿಗೆ ಸುತ್ತಿಗೆಯಲ್ಲಿ ಹೊಡೆಯಬೇಡಿ. ಅದು ಎರಕದ ಕಬ್ಬಿಣ, ಬಿರುಕು ಬಿಡುತ್ತದೆ. ಡ್ರಮ್ಮನ್ನು ಎಳೆದು ತೆಗೆಯುವ ಪುಲ್ಲರ್ ಬಾಡಿಗೆಗೆ ತನ್ನಿ. ಡ್ರಮ್ ಹೊರಬಂದ ಮೇಲೆ ಮನೆಯವರ್ಯಾರೂ ಕಾಲು ಬ್ರೇಕ್ ಒತ್ತದಂತೆ ನೋಡಿಕೊಳ್ಳಿ. ಒತ್ತಿದರೆ ಶೂಗಳನ್ನು ತಳ್ಳುವ ಚಕ್ರದ ಸಿಲಿಂಡರಿನ ಪಿಸ್ಟನ್ ಹೊರಗೆ ಹಾರುತ್ತದೆ, ಒಂದು ಕೆಲಸಕ್ಕೆ ಎರಡಾಗುತ್ತದೆ.

ಒಳಗಿನ ಕಪ್ಪು ಪುಡಿಯನ್ನು ಬಾಯಲ್ಲಿ ಊದಬೇಡಿ, ಗಾಳಿ ಪೈಪೂ ಬೇಡ. ಹಳೇ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವ ವಸ್ತುವಲ್ಲ ಅದು. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಹಾಕಿ.

ಈಗ ಒಂದು ಐದು ನಿಮಿಷ ಏನನ್ನೂ ಮುಟ್ಟದೆ ಸುಮ್ನೆ ನೋಡಿ. ಇಡೀ ಕೆಲಸದಲ್ಲಿ ಮುಖ್ಯ ಅಂದರೆ ಇದೇ. ಲೈನರ್ ಎಷ್ಟು ದಪ್ಪ ಉಳಿದಿದೆ? ಒಳಗೆ ಒದ್ದೆ ಇದೆಯೇ? ದಪ್ಪಗೆ, ಗಂಧಕದ ನಾತ ಹೊಡೆಯುವ ಎಣ್ಣೆಯಾದರೆ ಅದು ಗೇರ್ ಆಯಿಲ್, ಆಕ್ಸಲ್ಲಿನ ಸೀಲು ಹೋಗಿದೆ. ತೆಳ್ಳಗೆ, ಪೇಂಟು ಎಬ್ಬಿಸುವಂಥದಾದರೆ ಬ್ರೇಕ್ ಆಯಿಲ್, ಸಿಲಿಂಡರ್ ಸೋರುತ್ತಿದೆ. ಎರಡರಲ್ಲಿ ಯಾವುದೇ ಆದರೂ ಆ ಶೂಗಳನ್ನು ತೊಳೆದು ಹಾಕುವಂತಿಲ್ಲ, ಬದಲಿಸಲೇಬೇಕು. ಎಣ್ಣೆ ಕುಡಿದ ಲೈನರಿಗೆ ಜಗತ್ತಿನ ಯಾವ ಕೇಬಲ್ ಹಾಕಿದರೂ ಕಾರು ಇಳಿಜಾರಿನಲ್ಲಿ ನಿಲ್ಲುವುದಿಲ್ಲ. ಶೂ ಹೊಸದಾದರೆ ಎರಡೂ ಚಕ್ರಕ್ಕೆ ಒಟ್ಟಿಗೆ ಹಾಕಿ.

ಆಮೇಲೆ ಆ ಚಿಕ್ಕ ಸನ್ನೆಯನ್ನು ಕೈಯಲ್ಲಿ ಅಲ್ಲಾಡಿಸಿ. ಅದರ ಕೀಲೇ ತುಕ್ಕು ಹಿಡಿದು ಬಿಗಿಯಾಗಿದ್ದರೆ ಕೇಬಲ್ ಜಾಮ್ ಆದ ಹಾಗೆಯೇ ಕಾಣುತ್ತದೆ. ಬಹಳ ಜನ ಇಲ್ಲೇ ಮೋಸಹೋಗುವುದು. ಶೂ ಬಿಚ್ಚದೆಯೇ ಕೇಬಲ್ಲಿನ ಕೊಕ್ಕೆ ತಪ್ಪಿಸಲು ಆಗುತ್ತದೆ ಅನ್ನುವವರಿದ್ದಾರೆ. ಆಗುತ್ತದೆ ಕೂಡ. ಆದರೂ ನಾನು ಶೂ ಬಿಚ್ಚಿಯೇ ಬಿಡುತ್ತೇನೆ, ಈ ಕೀಲನ್ನು ಉಜ್ಜಿ ಒಂದು ಚೂರು ಗ್ರೀಸ್ ಸವರಬೇಕಲ್ಲ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಎರಡೂ ಕಡೆ ಒಟ್ಟಿಗೆ ಬಿಚ್ಚಬೇಡಿ. ಒಂದು ಕಡೆ ಮುಗಿಸುವ ತನಕ ಇನ್ನೊಂದು ಕಡೆಯದು ನಿಮಗೆ ಮಾದರಿಯಾಗಿ ಇರಲಿ. ಶೂಗಳ ನಡುವಿನ ಪಟ್ಟಿಯನ್ನು ತಿರುಗಾಮುರುಗಾ ಹಾಕಿದರೆ ಡ್ರಮ್ ಕೂರುವುದಿಲ್ಲ.

ಹಿಂಬದಿ ತಟ್ಟೆಯ ಹೊರಗಡೆ ಕೇಬಲ್ಲಿನ ಕವಚವನ್ನು ಒಂದು ಬೋಲ್ಟು ಹಿಡಿದಿರುತ್ತದೆ. ಅದನ್ನು ತೆಗೆದು ಹಳೇ ಕೇಬಲ್ಲನ್ನು ಕಾರಿನ ಹಿಂಬದಿಗೆ ಎಳೆಯಿರಿ. ಟನಲ್ಲಿನ ಕೊಳವೆ ಲಿವರಿನ ತನಕ ಒಂದೇ ಸಮನೆ ಇರುವುದರಿಂದ ದಾರಿ ತಪ್ಪುವ ಭಯವಿಲ್ಲ. ಹೊಸದನ್ನು ಹಿಂದಿನಿಂದ ತೂರಿಸಿದರೆ ತಾನಾಗಿ ಲಿವರ್ ಹತ್ತಿರ ಮೂಗು ತೋರಿಸುತ್ತದೆ. ತೋರಿಸದಿದ್ದರೆ ಒಳಗೆ ಕೊಳವೆಯೇ ತುಕ್ಕಿಗೆ ತೂತಾಗಿದೆ ಅಂತ ಲೆಕ್ಕ. ಅದು ಬೇರೆಯೇ ಕಥೆ. ಅಂಥ ಅನುಮಾನ ಇದ್ದರೆ ಹಳೇ ಕೇಬಲ್ ಎಳೆಯುವಾಗ ಅದರ ಮುಂದಿನ ತುದಿಗೆ ಗಟ್ಟಿ ದಾರ ಕಟ್ಟಿಬಿಡಿ. ಲಾಡಿ ಪೋಣಿಸುವ ಉಪಾಯ.

ಹೊಸದು ತೂರಿಸುವ ಮೊದಲು ಕೊಳವೆ ಸ್ವಚ್ಛ ಮಾಡಬೇಕು. ಅದರೊಳಗೆ ಅರವತ್ತು ವರ್ಷದ ಗ್ರೀಸ್ ಮೇಣವಾಗಿ ಕೂತಿರುತ್ತದೆ. ತುಂಡಾದ ಕೇಬಲ್ಲಿನ ಆ ಪೊರಕೆ ತುದಿ ಇದೆಯಲ್ಲ, ಅದನ್ನೇ ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ ಅದ್ದಿ ಕೊಳವೆಯೊಳಗೆ ಹಿಂದೆ ಮುಂದೆ ಎಳೆದಾಡಿಸಿ. ಇದಕ್ಕಿಂತ ಒಳ್ಳೆಯ ಬ್ರಷ್ ಅಂಗಡಿಯಲ್ಲಿ ಸಿಗುವುದಿಲ್ಲ. ಒಣಗಿದ ಮೇಲೆ ಹೊಸ ಕೇಬಲ್ಲಿಗೆ ಲಿಥಿಯಂ ಗ್ರೀಸ್ ಚೆನ್ನಾಗಿ ಸವರಿ ತೂರಿಸಿ. ಎಂಜಿನ್ ಆಯಿಲ್ ಬೇಡ, ಅದು ಒಂದೇ ಮಳೆಗಾಲಕ್ಕೆ ತೊಳೆದುಹೋಗುತ್ತದೆ. ಚಕ್ರದ ಕಡೆಯ ತುದಿಗೆ ಮಾತ್ರ ಕೈ ಹಿಡಿದು ಹಾಕಿ. ಜಾಸ್ತಿಯಾದರೆ ಬಿಸಿಗೆ ಕರಗಿ ಲೈನರಿಗೆ ಹೋಗುತ್ತದೆ.

ಇನ್ನು ಅಡ್ಜಸ್ಟ್ ಮಾಡುವ ಕ್ರಮ. ನಾನು ಎಡವಿದ್ದು ಇಲ್ಲೇ. ತುಂಬಾ ಹಿಂದೆ ಒಬ್ಬರ ಬೀಟಲ್ಲಿಗೆ ಎರಡೂ ಕೇಬಲ್ ಹೊಸದು ಹಾಕಿ, ಲಿವರ್ ಮೂರು ಕ್ಲಿಕ್ಕಿಗೆ ಕಲ್ಲಿನ ಹಾಗೆ ನಿಲ್ಲುವಂತೆ ಟೈಟ್ ಮಾಡಿ, ಮೀಸೆ ತಿರುವಿಕೊಂಡು ಕಳಿಸಿದೆ. ಮೂರನೇ ದಿನ ಅವರು ವಾಪಸ್ ಬಂದರು, ಎರಡೂ ಹಿಂದಿನ ಚಕ್ರದಿಂದ ಸುಟ್ಟ ವಾಸನೆ. ನಾನು ಶೂ ಅಡ್ಜಸ್ಟ್ ಮಾಡಿರಲೇ ಇಲ್ಲ. ಸಂದನ್ನೆಲ್ಲ ಹೊಸ ಕೇಬಲ್ಲಿನಿಂದ ಮುಚ್ಚಿದ್ದೆ. ಲೈನರು ಬಿಸಿಗೆ ಗಾಜಿನಂತೆ ಹೊಳೆಯುತ್ತಿತ್ತು. ನನ್ನ ಖರ್ಚಿನಲ್ಲೇ ಬದಲಿಸಿಕೊಟ್ಟೆ.

ಆದ್ದರಿಂದ ಮೊದಲು ಚಕ್ರ, ಆಮೇಲೆ ಲಿವರ್. ಡ್ರಮ್ ಹಾಕಿ, ದೊಡ್ಡ ನಟ್ಟನ್ನು ಸದ್ಯಕ್ಕೆ ಸಾಧಾರಣ ಬಿಗಿಮಾಡಿ, ಚಕ್ರ ಜೋಡಿಸಿ. ಕೇಬಲ್ಲಿನ ನಟ್ಟು ಇನ್ನೂ ಸಡಿಲವಾಗಿಯೇ ಇರಲಿ. ಕಾಲು ಬ್ರೇಕನ್ನು ಎರಡು ಮೂರು ಸಲ ಜೋರಾಗಿ ಒತ್ತಿ ಬಿಡಿ, ಶೂಗಳು ನಡುವಿಗೆ ಬಂದು ಕೂರುತ್ತವೆ. ಒಂದು ನಕ್ಷತ್ರ ಚಕ್ರವನ್ನು ಕೈಯಲ್ಲಿ ಚಕ್ರ ತಿರುಗದಷ್ಟು ಬಿಗಿಮಾಡಿ, ನಂತರ ಮೂರು ನಾಲ್ಕು ಹಲ್ಲು ಹಿಂದಕ್ಕೆ ಬಿಡಿ. ಚಕ್ರ ಸಲೀಸಾಗಿ ತಿರುಗಬೇಕು. ಎಲ್ಲೋ ಒಂದು ಕಡೆ ಸರ್ ಅಂತ ಸಣ್ಣಗೆ ಉಜ್ಜಿದರೆ ಪರವಾಗಿಲ್ಲ. ಇನ್ನೊಂದಕ್ಕೂ ಹೀಗೇ. ಒಂದು ಚಕ್ರಕ್ಕೆ ಎರಡು, ಒಟ್ಟು ನಾಲ್ಕು. ಮುಗಿದ ಮೇಲೆ ತೂತಿಗೆ ರಬ್ಬರ್ ಬಿರಡೆ ಇದ್ದರೆ ಮರೆಯದೆ ಹಾಕಿ. ಕಳೆದುಹೋಗಿದ್ದರೆ ಹೊಸದು ತರಿಸಿ. ಮಳೆನೀರು ಒಳಗೆ ಹೋಗುವುದು ಅಲ್ಲಿಂದಲೇ.

ಈಗ ಲಿವರ್. ಎರಡು ಕ್ಲಿಕ್ ಎಳೆದು ನಿಲ್ಲಿಸಿ. ಎರಡೂ ಚಕ್ರ ಕೈಯಲ್ಲಿ ತಿರುಗಿಸಲು ಒಂದೇ ಸಮನೆ ಬಿಗಿ ಅನಿಸುವ ತನಕ ಕೇಬಲ್ಲಿನ ನಟ್ಟುಗಳನ್ನು ತಿರುಗಿಸಿ, ಸ್ಕ್ರೂಡ್ರೈವರ್ ಗೀರಿನಲ್ಲೇ ಇರಲಿ. ನಾಲ್ಕನೇ ಕ್ಲಿಕ್ಕಿಗೆ ಚಕ್ರ ಕೈಯಲ್ಲಿ ತಿರುಗಬಾರದು. ಲಿವರ್ ಕೆಳಗಿಳಿಸಿದರೆ ಎರಡೂ ಸಲೀಸಾಗಿ ತಿರುಗಬೇಕು. ಈ ಕೊನೆಯ ಮಾತು ತುಂಬಾ ಮುಖ್ಯ. ಆಮೇಲೆ ಮೇಲಿನ ನಟ್ಟು ಬಿಗಿಮಾಡಿ ಮುಸುಕು ಮುಚ್ಚಿ.

ಕಾರು ಕೆಳಗಿಳಿಸಿ, ದೊಡ್ಡ ನಟ್ಟಿಗೆ ಪೂರ್ತಿ ಬಲ. ಸುಮಾರು 30 ಕಿಲೋಗ್ರಾಂ ಮೀಟರ್ ಬೇಕು. ತಿರುಗಿಸುವ ಬಲ ಅಳೆದು ತೋರಿಸುವ ಅಷ್ಟು ದೊಡ್ಡ ಟಾರ್ಕ್ ಪಾನಾ ಎಲ್ಲರ ಹತ್ತಿರ ಇರುವುದಿಲ್ಲ. ಲೆಕ್ಕ ಹೀಗೆ ಹಾಕಿಕೊಳ್ಳಿ: ಹಿಡಿಕೆಯನ್ನು ನೆಲಕ್ಕೆ ಸಮಾನಾಂತರ ಇಟ್ಟು, ನಟ್ಟಿನ ನಡುವಿನಿಂದ 43 ಸೆಂಟಿಮೀಟರ್ ದೂರದಲ್ಲಿ 70 ಕಿಲೋ ತೂಕದ ಮನುಷ್ಯ ನಿಧಾನವಾಗಿ ಭಾರ ಬಿಟ್ಟರೆ ಅಷ್ಟಾಗುತ್ತದೆ. ನಿಮ್ಮ ತೂಕ ಬೇರೆಯಾದರೆ 30ನ್ನು ಅದರಿಂದ ಭಾಗಿಸಿದರೆ ದೂರ ಮೀಟರಿನಲ್ಲಿ ಸಿಗುತ್ತದೆ. ಕುಣಿಯಬೇಡಿ, ಭಾರ ಬಿಟ್ಟರೆ ಸಾಕು. ಪಿನ್ನಿನ ತೂತು ಸೇರದಿದ್ದರೆ ನಟ್ಟನ್ನು ಇನ್ನೂ ಸ್ವಲ್ಪ ಮುಂದಕ್ಕೆ ಬಿಗಿಮಾಡಿ, ಹಿಂದಕ್ಕೆ ಬಿಡಬಾರದು. ಸ್ಪ್ಲಿಟ್ ಪಿನ್ ಹೊಸದೇ ಇರಲಿ.

ಪರೀಕ್ಷೆಗೆ ನಿಮ್ಮ ಮನೆ ಮುಂದಿನ ಇಳಿಜಾರಿಗಿಂತ ಬೇಕೇ? ಆದರೆ ಮೊದಲು ಸಮತಟ್ಟು ರಸ್ತೆಯಲ್ಲಿ. ಜನರಿಲ್ಲದ ಕಡೆ 20 ಕಿಲೋಮೀಟರ್ ವೇಗದಲ್ಲಿ ಲಿವರಿನ ಗುಂಡಿ ಒತ್ತಿ ಹಿಡಿದೇ ನಿಧಾನವಾಗಿ ಎಳೆಯಿರಿ. ಕಾರು ಒಂದು ಕಡೆಗೆ ಎಳೆದರೆ ಎಡ ಬಲ ಸಮವಾಗಿಲ್ಲ. ಆಮೇಲೆ ಇಳಿಜಾರಿನಲ್ಲಿ, ಒಮ್ಮೆ ಮೂತಿ ಮೇಲೆ ಮಾಡಿ, ಒಮ್ಮೆ ಕೆಳಗೆ ಮಾಡಿ ನಿಲ್ಲಿಸಿ ನೋಡಿ. ಕಾಲು ಬ್ರೇಕಿನ ಮೇಲೇ ಇರಲಿ. ಬೀಟಲ್ಲಿನ ಎಂಜಿನ್ ಹಿಂದಿರುವುದರಿಂದ ಭಾರ ಹೆಚ್ಚಾಗಿ ಹಿಂದಿನ ಚಕ್ರದ ಮೇಲೇ ಬೀಳುತ್ತದೆ, ಹ್ಯಾಂಡ್ ಬ್ರೇಕ್ ಹಿಡಿಯುವುದೂ ಅವನ್ನೇ. ಸರಿಯಾಗಿದ್ದರೆ ಈ ಕಾರು ಎರಡೂ ಕಡೆ ಅಲುಗಾಡದೆ ನಿಲ್ಲುತ್ತದೆ.

ಕೇಬಲ್ ಬರುವ ತನಕ ಕಾರು ಓಡಿಸಬೇಡಿ ಅನ್ನುವುದೇ ನನ್ನ ಸಲಹೆ. ಎಡ ಚಕ್ರದ ಬ್ರೇಕು ಹಿಡಿದುಕೊಂಡಿದೆ, ಬಲಗಡೆ ಏನೂ ಇಲ್ಲ, ಕಾಲು ಬ್ರೇಕು ಒಂದೇ ಸರ್ಕ್ಯೂಟಿನದು. ಮಡಿಕೇರಿಯಿಂದ ಯಾವ ಕಡೆ ಹೊರಟರೂ ಇಳಿಯಲೇಬೇಕು.

ಮಳೆಗಾಲದ ಬಗ್ಗೆ ಒಂದು ಮಾತು. ವಾರಗಟ್ಟಲೆ ಕಾರು ನಿಲ್ಲಿಸುವುದಿದ್ದರೆ ಹ್ಯಾಂಡ್ ಬ್ರೇಕ್ ಎಳೆದು ಬಿಡಬೇಡಿ. ತೇವಕ್ಕೆ ಡ್ರಮ್ ತುಕ್ಕು ಹಿಡಿದು ಲೈನರು ಅದಕ್ಕೇ ಅಂಟಿಕೊಳ್ಳುತ್ತದೆ. ಎಳೆದ ಸ್ಥಿತಿಯಲ್ಲಿ ಕೇಬಲ್ಲೂ ಕಚ್ಚಿಕೊಳ್ಳುತ್ತದೆ. ಸಮತಟ್ಟು ಶೆಡ್ಡಿನಲ್ಲಿ ನಿಲ್ಲಿಸಿ, ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಕಲ್ಲು ಕೊಡಿ. ಲಾರಿ ಕ್ಲೀನರುಗಳು ಮಾಡುತ್ತಾರಲ್ಲ, ಹಾಗೆ. ಕಾರು ಕೊಳ್ಳುವ ಮಂದಿಗೆ ಕಲ್ಲು ಇಡುವುದು ಅವಮಾನ ಅನಿಸುತ್ತದೆ, ಯಾಕೋ ಗೊತ್ತಿಲ್ಲ. ನನ್ನ ಡಿಕ್ಕಿಯಲ್ಲಿ ಎರಡು ಸದಾ ಇರುತ್ತವೆ. ದಿನಾ ಓಡುವ ಕಾರಾದರೆ ಇಳಿಜಾರಿನಲ್ಲಿ ಹ್ಯಾಂಡ್ ಬ್ರೇಕ್ ಎಳೆಯಲೇಬೇಕು. ಜೊತೆಗೆ ಮೂತಿ ಏರಿಗಿದ್ದರೆ ಒಂದನೇ ಗೇರು, ಇಳಿಜಾರಿಗಿದ್ದರೆ ರಿವರ್ಸ್.

ಐನೂರು ಕಿಲೋಮೀಟರ್ ಓಡಿದ ಮೇಲೆ ಲಿವರಿನ ಕ್ಲಿಕ್ ಮತ್ತೆ ಎಣಿಸಿ. ಹೊಸ ಕೇಬಲ್ ಚೂರು ಹಿಗ್ಗುತ್ತದೆ, ಹೊಸ ಶೂ ಹಾಕಿದ್ದರೆ ಅದೂ ಡ್ರಮ್ಮಿಗೆ ಹೊಂದಿಕೊಳ್ಳುತ್ತದೆ. ನಾಲ್ಕಿದ್ದದ್ದು ಆರಕ್ಕೆ ಹೋಗಿದ್ದರೆ ನಕ್ಷತ್ರ ಚಕ್ರದಿಂದಲೇ ಶುರುಮಾಡಿ. ಅದರಿಂದ ಸರಿಹೋಗದೆ ಉಳಿದಷ್ಟಕ್ಕೆ ಮಾತ್ರ ನಟ್ಟು. ಎಡಗಡೆ ಡ್ರಮ್ ಬಿಚ್ಚಿದಾಗ ಒಳಗೆ ಒದ್ದೆ ಕಂಡರೆ ಏನನ್ನೂ ಒರೆಸದೆ ಫೋಟೊ ತೆಗೆದು ಕಳಿಸಿ. ಸೀಲೋ ಸಿಲಿಂಡರೋ ನೋಡಿ ಹೇಳುತ್ತೇನೆ.